ಮುಖ್ಯ ಲಿಂಕ್ ಬಿದ್ದರೂ ಡಯಲ್ ಮಾಡದ ರೂಟರ್: ಶಾಖೆಗಳ ಡಯಲ್-ಅಪ್ ಬ್ಯಾಕಪ್ ಕುರಿತು

ಮಲೆನಾಡು ಶಾಖೆ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಪ್ರಧಾನ ಕಚೇರಿ ಶಿವಮೊಗ್ಗದಲ್ಲಿದ್ದು, ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರದಲ್ಲಿ ಒಂದೊಂದು ಶಾಖೆಯಿದೆ. ನಾಲ್ಕೂ ಕಡೆ ಸಿಸ್ಕೊ 2611 ಎಕ್ಸ್‌ಎಂ ರೂಟರ್‌ಗಳಿವೆ. ಅವು ಹಳೆಯವಾದರೂ ಕೆಟ್ಟಿಲ್ಲ. ಸಂಘದ ಹಣದಲ್ಲಿ ಹೊಸದನ್ನು ಕೊಳ್ಳುವ ಮುನ್ನ ಇರುವುದನ್ನು ಸರಿಯಾಗಿ ಬಳಸಬೇಕೆಂಬುದು ನಮ್ಮ ಆಡಳಿತ ಮಂಡಳಿಯ ನಿಲುವು. ಪ್ರತಿ ಶಾಖೆಯ ರೂಟರ್‌ನ ಆಕ್ಸ್ (ಹೆಚ್ಚುವರಿ) ಪೋರ್ಟ್‌ಗೆ ಒಂದು 56ಕೆ ಮೋಡೆಮ್ ಜೋಡಿಸಿ, ಅದನ್ನು ಶಾಖೆಯ ಲ್ಯಾಂಡ್‌ಲೈನ್‌ಗೆ ಕೊಟ್ಟಿದ್ದೇವೆ. ಪ್ರಧಾನ ಕಚೇರಿಯಲ್ಲಿಯೂ ಅಂಥದೇ ಒಂದು ಮೋಡೆಮ್ ಇದೆ. ಹೊಸನಗರದ ನಮ್ಮ ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲವಾದ್ದರಿಂದ ಲ್ಯಾಂಡ್‌ಲೈನನ್ನು ಬಿಟ್ಟು ಬೇರೆ ದಾರಿ ನಮಗಿಲ್ಲ.

ಮೊದಲು ಮುಖ್ಯ ಲಿಂಕ್ 64 ಕೆಬಿಪಿಎಸ್ ಲೀಸ್ಡ್ ಲೈನ್ (ನಮಗೇ ಮೀಸಲಾದ ಬಾಡಿಗೆ ಲೈನ್) ಆಗಿತ್ತು, ವಿ.35 ಕೇಬಲ್ ಮೂಲಕ ರೂಟರ್‌ನ ಸೀರಿಯಲ್ ಪೋರ್ಟ್‌ಗೆ ಬರುತ್ತಿತ್ತು. ಸೀರಿಯಲ್ ಇಂಟರ್‌ಫೇಸ್‌ನ ಅಡಿಯಲ್ಲಿ 'ಬ್ಯಾಕಪ್ ಇಂಟರ್‌ಫೇಸ್ ಅಸಿಂಕ್ 65' ಮತ್ತು 'ಬ್ಯಾಕಪ್ ಡಿಲೇ 10 60' ಎಂಬ ಎರಡು ಸಾಲುಗಳಿದ್ದವು. ಮುಖ್ಯ ಲಿಂಕ್ ಬಿದ್ದ 10 ಸೆಕೆಂಡಿಗೆ ಆಕ್ಸ್ ಪೋರ್ಟ್‌ನ ಮೋಡೆಮನ್ನು ಎಬ್ಬಿಸು, ಲಿಂಕ್ ಮರಳಿದ 60 ಸೆಕೆಂಡಿಗೆ ಇಳಿಸು ಎಂದು ಅವುಗಳ ಅರ್ಥ. ಮಳೆಗಾಲದಲ್ಲಿ ಲೈನ್ ಹೋದಾಗಲೆಲ್ಲ ಮೋಡೆಮ್ ತಾನಾಗಿಯೇ ಡಯಲ್ ಮಾಡುತ್ತಿತ್ತು. ಕಳೆದ ವರ್ಷ ಸೇವೆ ಕೊಡುವ ಸಂಸ್ಥೆಯವರು ತಾಮ್ರದ ತಂತಿಯನ್ನು ತೆಗೆದು ಫೈಬರ್ ಎಳೆದು, ಫೈಬರ್‌ನ ಸಂಕೇತವನ್ನು ತಾಮ್ರದ ಕೇಬಲ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್‌ನಿಂದ ಈಥರ್ನೆಟ್ ಕೇಬಲ್ ಕೊಟ್ಟರು. ನಾನು ಆ ಎರಡು ಸಾಲುಗಳನ್ನು ಫಾಸ್ಟ್ ಈಥರ್ನೆಟ್ ಇಂಟರ್‌ಫೇಸ್‌ನ ಅಡಿಗೆ ಹಾಗೆಯೇ ಸ್ಥಳಾಂತರಿಸಿದೆ. ಪ್ರತಿ ತಿಂಗಳ ಕೊನೆಯ ಶನಿವಾರ ಕೇಬಲ್ ಎಳೆದು ಪರೀಕ್ಷಿಸುತ್ತೇವೆ. ಪ್ರತಿ ಸಲವೂ ಮೋಡೆಮ್ ಡಯಲ್ ಮಾಡಿದೆ. ಆದರೆ ಕಳೆದ ವಾರ ಹೊಸನಗರದ ಬಳಿ ಮರ ಬಿದ್ದು ಫೈಬರ್ ತುಂಡಾದಾಗ ನಾಲ್ಕು ಗಂಟೆ ಕಾಲ ಶಾಖೆ ಸ್ತಬ್ಧವಾಗಿತ್ತು, ಮೋಡೆಮ್ ಒಂದು ಸಲವೂ ಡಯಲ್ ಮಾಡಲಿಲ್ಲ. ಪಿಂಚಣಿ ಹಣ ಪಡೆಯಲು ಬಂದ ವೃದ್ಧರು ಸಂಜೆವರೆಗೆ ಬೆಂಚಿನ ಮೇಲೆ ಕುಳಿತಿದ್ದರು. ಪರೀಕ್ಷೆಯಲ್ಲಿ ನಡೆದದ್ದು ನಿಜವಾದ ಹೊತ್ತಿನಲ್ಲಿ ಏಕೆ ನಡೆಯಲಿಲ್ಲ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಹಳೆ ಮೋಡೆಮ್ ಬರೆದಿದ್ದಾರೆ:

ತಮ್ಮ ಪ್ರಶ್ನೆಯೊಳಗೇ ಉತ್ತರವಿದೆ. ಪರೀಕ್ಷೆಯ ದಿನ ತಾವು ಎಳೆದದ್ದು ರೂಟರ್ ಮತ್ತು ಕನ್ವರ್ಟರ್ ನಡುವಿನ ಪ್ಯಾಚ್ ಕಾರ್ಡ್. ಮರ ತುಂಡರಿಸಿದ್ದು ಕನ್ವರ್ಟರ್‌ನಿಂದಾಚೆಯ ಫೈಬರ್. ಇವೆರಡೂ ರೂಟರ್‌ಗೆ ಒಂದೇ ಘಟನೆಯಲ್ಲ.

'ಬ್ಯಾಕಪ್ ಇಂಟರ್‌ಫೇಸ್' ಎಂಬ ಕಮಾಂಡ್ ನಂಬುವುದು ಒಂದೇ ಒಂದು ಸಾಕ್ಷಿಯನ್ನು: ಮುಖ್ಯ ಇಂಟರ್‌ಫೇಸ್‌ನ (ಮುಖ್ಯ ಲಿಂಕ್ ಸೇರಿರುವ ಪೋರ್ಟ್‌ನ) ಲೈನ್ ಪ್ರೋಟೋಕಾಲ್, ಅಂದರೆ ಲಿಂಕ್‌ನ ಸ್ಥಿತಿ, ಡೌನ್ ಆಗಿದೆಯೇ ಇಲ್ಲವೇ ಎಂಬುದನ್ನು. ತಮ್ಮ ಹಳೆಯ ಸೀರಿಯಲ್ ಲಿಂಕ್‌ನಲ್ಲಿ ಎಚ್‌ಡಿಎಲ್‌ಸಿ ಎಂಬ ಸಂವಹನ ಕ್ರಮವಿದ್ದು, ಎರಡೂ ತುದಿಯ ರೂಟರ್‌ಗಳು 10 ಸೆಕೆಂಡಿಗೊಮ್ಮೆ ಪರಸ್ಪರ ಕೀಪ್‌ಅಲೈವ್ ('ನಾನಿದ್ದೇನೆ' ಎಂಬ ಸಂದೇಶ) ಕಳುಹಿಸುತ್ತಿದ್ದವು. ಮೂರು ಬಾರಿ ಆಚೆಯ ತುದಿಯಿಂದ ಉತ್ತರ ತಪ್ಪಿದರೆ, ಅಂದರೆ ಸುಮಾರು ಅರ್ಧ ನಿಮಿಷದಲ್ಲಿ, ಲೈನ್ ಪ್ರೋಟೋಕಾಲ್ ಡೌನ್ ಆಗುತ್ತಿತ್ತು. ದಾರಿಯಲ್ಲಿ ಎಲ್ಲಿ ತುಂಡಾದರೂ ರೂಟರ್‌ಗೆ ತಿಳಿಯುತ್ತಿತ್ತು, ಏಕೆಂದರೆ ಆ ಕೀಪ್‌ಅಲೈವ್ ಶಿವಮೊಗ್ಗದವರೆಗೂ ಹೋಗಿ ಬರುವ ಮಾತಾಗಿತ್ತು. ಈಥರ್ನೆಟ್‌ನ ಕೀಪ್‌ಅಲೈವ್ ಅಂಥದಲ್ಲ. ರೂಟರ್ ತನಗೆ ತಾನೇ ಒಂದು ಫ್ರೇಮ್ ಕಳುಹಿಸಿಕೊಂಡು ತನ್ನ ಪೋರ್ಟ್ ಜೀವಂತವಾಗಿದೆಯೆಂದು ನೋಡಿಕೊಳ್ಳುತ್ತದೆ, ಅಷ್ಟೆ. ಕನ್ವರ್ಟರ್‌ಗೆ ವಿದ್ಯುತ್ ಇರುವವರೆಗೆ ಅದರ ತಾಮ್ರದ ಪೋರ್ಟ್ ದೀಪ ಉರಿಯುತ್ತಲೇ ಇರುತ್ತದೆ, ರೂಟರ್ 'ಅಪ್, ಅಪ್' ಎಂದೇ ತೋರಿಸುತ್ತದೆ. ಫ್ರೇಮ್ ರಿಲೇ ಎಂಬ ಹಳೆಯ ಹಂಚಿಕೆ ಜಾಲದ ಕಾಲದಲ್ಲಿಯೂ ಇದೇ ತೊಂದರೆ ಇತ್ತು: ಆಚೆಯ ತುದಿಗೆ ಹೋಗುವ ಪಿವಿಸಿ (ಜಾಲದೊಳಗಿನ ಕಾಲ್ಪನಿಕ ದಾರಿ) ಸತ್ತರೂ ಹತ್ತಿರದ ಸ್ವಿಚ್ ಎಲ್‌ಎಂಐ ಎಂಬ ಸ್ಥಿತಿ ವಿಚಾರಿಸುವ ಸಂದೇಶಕ್ಕೆ ಉತ್ತರಿಸುತ್ತಿದ್ದರಿಂದ ಮುಖ್ಯ ಇಂಟರ್‌ಫೇಸ್ ಬೀಳುತ್ತಲೇ ಇರಲಿಲ್ಲ. ಪ್ರತಿ ಪಿವಿಸಿಗೂ ಪ್ರತ್ಯೇಕ ಪಾಯಿಂಟ್-ಟು-ಪಾಯಿಂಟ್ ಸಬ್‌ಇಂಟರ್‌ಫೇಸ್ (ಉಪ ಪೋರ್ಟ್) ಮಾಡಿ ಅದರ ಅಡಿಯಲ್ಲಿ ಬ್ಯಾಕಪ್ ಬರೆದವರು ಮಾತ್ರ ಬಚಾವಾದರು.

ಕೆಲವು ಮೀಡಿಯಾ ಕನ್ವರ್ಟರ್‌ಗಳಲ್ಲಿ ಫೈಬರ್ ಹೋದರೆ ತಾಮ್ರದ ಪೋರ್ಟನ್ನೂ ಆರಿಸುವ ಸೌಲಭ್ಯವಿರುತ್ತದೆ, ಒಂದು ಡಿಪ್ ಸ್ವಿಚ್‌ನಲ್ಲಿ ಅದನ್ನು ಚಾಲೂ ಮಾಡಬಹುದು. ಇದ್ದರೆ ಚಾಲೂ ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದು ತಮ್ಮ ಕಟ್ಟಡದಿಂದ ಮೊದಲ ಉಪಕರಣದವರೆಗಿನ ಫೈಬರ್‌ಗೆ ಮಾತ್ರ ಸಾಕ್ಷಿ ಹೇಳುತ್ತದೆ.

ಕೇಂದ್ರ ಕೊಠಡಿ ಬರೆದಿದ್ದಾರೆ:

ಮೇಲಿನ ಉತ್ತರ ಸರಿಯಾಗಿದೆ. ನಾನು ಬೆಂಗಳೂರಿನಲ್ಲಿ ಬಹುಕಾಲ ಬ್ಯಾಂಕ್ ಶಾಖೆಗಳ ಜಾಲವನ್ನು ನಿರ್ವಹಿಸಿದವನು. ಲೀಸ್ಡ್ ಲೈನ್ ಮುಖ್ಯ, ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನ್) ಅಥವಾ ಸಾಮಾನ್ಯ ಫೋನ್ ಲೈನ್ ಬ್ಯಾಕಪ್ ಎಂಬ ವಿನ್ಯಾಸವನ್ನು ಎಷ್ಟೋ ಶಾಖೆಗಳಲ್ಲಿ ಕಟ್ಟಿದ್ದೇನೆ. ಮುಖ್ಯ ಲಿಂಕ್ ಸತ್ತಿತೆಂದು ಹೇಳುವ ಅಧಿಕಾರವನ್ನು ಇಂಟರ್‌ಫೇಸ್‌ಗೆ ಕೊಡದೆ ರೂಟಿಂಗ್ ಟೇಬಲ್‌ಗೆ (ಯಾವ ಜಾಲಕ್ಕೆ ಯಾವ ದಾರಿ ಎಂಬ ರೂಟರ್‌ನ ಪಟ್ಟಿಗೆ) ಕೊಡಬೇಕೆಂಬುದು ನನ್ನ ಸಲಹೆ.

ಅದಕ್ಕೆ ಫ್ಲೋಟಿಂಗ್ ಸ್ಟ್ಯಾಟಿಕ್ ರೂಟ್ ಎಂಬ ಕ್ರಮವಿದೆ. ಒಂದೇ ಜಾಲಕ್ಕೆ ಎರಡು ದಾರಿಗಳು ತಿಳಿದಾಗ ರೂಟರ್ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ದಾರಿಯನ್ನು ಎಷ್ಟು ನಂಬಬಹುದೆಂಬ ಅಂಕ) ಕಡಿಮೆಯಿರುವುದನ್ನು ಆರಿಸಿಕೊಳ್ಳುತ್ತದೆ. ಕೈಯಿಂದ ಬರೆದ ಸ್ಟ್ಯಾಟಿಕ್ ರೂಟ್‌ಗೆ ಅದು 1; ರೂಟರ್‌ಗಳು ದಾರಿಗಳನ್ನು ತಾವೇ ಪರಸ್ಪರ ತಿಳಿಸಿಕೊಳ್ಳುವ ಕ್ರಮಗಳಾದ ಇಐಜಿಆರ್‌ಪಿಗೆ 90, ಓಎಸ್‌ಪಿಎಫ್‌ಗೆ 110, ಆರ್‌ಐಪಿಗೆ 120. ಮುಖ್ಯ ಲಿಂಕ್ ಮೇಲೆ ಓಎಸ್‌ಪಿಎಫ್ ನಡೆಸಿ, ಮೋಡೆಮ್ ದಾರಿಗೆ ಒಂದು ಸ್ಟ್ಯಾಟಿಕ್ ರೂಟ್ ಬರೆದು ಅದರ ಕೊನೆಗೆ 200 ಎಂದು ಸೇರಿಸಿದರೆ, ಓಎಸ್‌ಪಿಎಫ್ ದಾರಿ ಇರುವವರೆಗೆ ಆ ಸ್ಟ್ಯಾಟಿಕ್ ರೂಟ್ ಟೇಬಲ್‌ನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆಚೆಯ ತುದಿಯಿಂದ ಓಎಸ್‌ಪಿಎಫ್‌ನ ಹಲೋ ಸಂದೇಶ ಬರುವುದು ನಿಂತು 40 ಸೆಕೆಂಡಿನ ಡೆಡ್ ಇಂಟರ್ವಲ್ (ಕಾಯುವ ಗಡುವು) ಕಳೆದಾಗ ಓಎಸ್‌ಪಿಎಫ್ ದಾರಿ ಮಾಯವಾಗುತ್ತದೆ, ಕೆಳಗಿದ್ದ ಸ್ಟ್ಯಾಟಿಕ್ ರೂಟ್ ಮೇಲೆ ತೇಲಿಬರುತ್ತದೆ. ಈಥರ್ನೆಟ್ 'ಅಪ್' ಎಂದು ತೋರಿಸುತ್ತಿದ್ದರೂ ಚಿಂತೆಯಿಲ್ಲ.

ಎರಡು ಎಚ್ಚರಿಕೆಗಳಿವೆ. ಮುಖ್ಯ ಲಿಂಕ್‌ಗೂ ಸ್ಟ್ಯಾಟಿಕ್ ರೂಟನ್ನೇ ಬರೆದಿದ್ದರೆ ಈ ಉಪಾಯ ಫಲಿಸದು, ಏಕೆಂದರೆ ಈಥರ್ನೆಟ್ ಜೀವಂತವಾಗಿರುವವರೆಗೆ ಆ ರೂಟೂ ಟೇಬಲ್‌ನಲ್ಲಿ ಉಳಿದುಬಿಡುತ್ತದೆ. ಎರಡನೆಯದಾಗಿ, ಹಳೆಯ 'ಬ್ಯಾಕಪ್ ಇಂಟರ್‌ಫೇಸ್' ಸಾಲನ್ನು 'ನೋ' ಹಾಕಿ ತೆಗೆಯಲೇಬೇಕು. ಅದು ಇರುವವರೆಗೆ ಅಸಿಂಕ್ ಇಂಟರ್‌ಫೇಸ್ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ ಬಂಧಿಯಾಗಿರುತ್ತದೆ, ಅದರ ಮೇಲಿನ ಯಾವ ರೂಟೂ ಟೇಬಲ್‌ಗೆ ಬರಲಾರದು. ಆ ಬಂಧನ ತಪ್ಪಿದ ಮೇಲೆ, ಡಯಲ್ ಆಗದೇ ಇದ್ದರೂ ಅದು 'ಅಪ್ (ಸ್ಪೂಫಿಂಗ್)' ಎಂದು ತೋರಿಸುತ್ತದೆ. ಹಾಗೆ ತೋರಿಸುವುದು ದೋಷವಲ್ಲ. ಸ್ಟ್ಯಾಟಿಕ್ ರೂಟ್ ಸಿದ್ಧವಾಗಿ ಕಾಯಲು ಅದೇ ಆಧಾರ.

ಮಲೆನಾಡು ಶಾಖೆ ಬರೆದಿದ್ದಾರೆ:

ಇಬ್ಬರಿಗೂ ಕೃತಜ್ಞತೆಗಳು. ಒಂದು ವರ್ಷದಿಂದ ತಪ್ಪಾದ ಕೇಬಲ್ ಎಳೆದು ನೆಮ್ಮದಿಯಿಂದ ಇದ್ದೆನಲ್ಲ ಎಂದು ಬೇಸರವಾಯಿತು.

ಕೇಂದ್ರ ಕೊಠಡಿಯವರು ಹೇಳಿದಂತೆ ಹೊಸನಗರ ಮತ್ತು ಶಿವಮೊಗ್ಗದ ನಡುವೆ ಓಎಸ್‌ಪಿಎಫ್ ಹಾಕಿ, ಎರಡೂ ಕಡೆ 200ರ ಸ್ಟ್ಯಾಟಿಕ್ ರೂಟ್ ಬರೆದೆ. ಈ ಸಲ ಕನ್ವರ್ಟರ್‌ನಿಂದ ಫೈಬರ್ ತುದಿಯನ್ನೇ ಬಿಚ್ಚಿದೆ. ಮೊದಲ ಯತ್ನದಲ್ಲಿ ಎರಡೂ ಮೋಡೆಮ್‌ಗಳು ಡಯಲ್ ಮಾಡತೊಡಗಿ, ಎರಡಕ್ಕೂ ಬ್ಯುಸಿ ಟೋನ್ ಸಿಕ್ಕಿತು. ಐದಾರು ನಿಮಿಷ ಹೀಗೆಯೇ ನಡೆದು ಆಕಸ್ಮಿಕವಾಗಿ ಒಮ್ಮೆ ಕೂಡಿಕೊಂಡಿತು. ಆಮೇಲೆ ಫೈಬರ್ ಮರಳಿ ಜೋಡಿಸಿದರೂ ಮೋಡೆಮ್ ಕರೆಯನ್ನು ಕಡಿಯಲೇ ಇಲ್ಲ. ರಾತ್ರಿಯೆಲ್ಲ ಲೈನ್ ಹಿಡಿದುಕೊಂಡಿತ್ತು. ಬೆಳಿಗ್ಗೆ ನಾನೇ ಹೋಗಿ ಮೋಡೆಮ್ ಆರಿಸಬೇಕಾಯಿತು. ತಿಂಗಳ ಬಿಲ್ ನೆನೆದರೆ ಭಯವಾಗುತ್ತದೆ. ಡಯಲರ್ ಲಿಸ್ಟ್‌ನಲ್ಲಿ 'ಪ್ರೋಟೋಕಾಲ್ ಐಪಿ ಪರ್ಮಿಟ್' ಎಂದಿದೆ. ಐಡಲ್ ಟೈಮ್‌ಔಟನ್ನು (ಕೆಲಸವಿಲ್ಲದೆ ಎಷ್ಟು ಹೊತ್ತಾದರೆ ಕರೆ ಕಡಿಯಬೇಕೆಂಬುದನ್ನು) ನಾನು ಬದಲಿಸಿಲ್ಲ.

ಪಾಠಶಾಲೆ ಬರೆದಿದ್ದಾರೆ:

ಪಾಲಿಟೆಕ್ನಿಕ್‌ನಲ್ಲಿ ಈ ವಿಷಯವನ್ನು ಕಲಿಸುವವನಾಗಿ ಕರೆ ಕಡಿಯದ ಸಮಸ್ಯೆಗೆ ಉತ್ತರಿಸುತ್ತೇನೆ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದೂ ಇಲ್ಲಿಯೇ.

ಡಯಲ್ ಮಾಡುವ ರೂಟರ್ ಪ್ಯಾಕೆಟ್‌ಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಕರೆಯನ್ನು ಎಬ್ಬಿಸುವ ಮತ್ತು ಐಡಲ್ ಗಡಿಯಾರವನ್ನು ಮತ್ತೆ ಸೊನ್ನೆಗೆ ತರುವ ಯೋಗ್ಯತೆ ಇರುವಂಥವು ಇಂಟರೆಸ್ಟಿಂಗ್ ಟ್ರಾಫಿಕ್; ಉಳಿದವು ಕರೆ ಇದ್ದರೆ ಅದರ ಮೇಲೆ ಹೋಗಬಹುದು, ಆದರೆ ಕರೆಯನ್ನು ಎಬ್ಬಿಸಲಾರವು, ಉಳಿಸಲಾರವು. ಈ ವಿಂಗಡಣೆಯನ್ನು ಮಾಡುವುದು ಡಯಲರ್ ಲಿಸ್ಟ್. ಅದರಲ್ಲಿ 'ಡಿನೈ' ಎಂದು ಬರೆದರೆ ಪ್ಯಾಕೆಟ್ ನಿಷಿದ್ಧವಾಗುವುದಿಲ್ಲ ಎಂಬುದನ್ನು ನಾನು ತರಗತಿಯಲ್ಲಿ ಮೂರು ಸಲ ಹೇಳುತ್ತೇನೆ. ಇಂಟರ್‌ಫೇಸ್ ಮೇಲಿನ ಆಕ್ಸೆಸ್ ಗ್ರೂಪ್‌ನಲ್ಲಿ ಡಿನೈ ಎಂದರೆ ತಡೆ. ಡಯಲರ್ ಲಿಸ್ಟ್‌ನಲ್ಲಿ ಡಿನೈ ಎಂದರೆ 'ಇದಕ್ಕಾಗಿ ಫೋನ್ ಎತ್ತಬೇಡ' ಎಂದು ಮಾತ್ರ.

ತಮ್ಮ ಲಿಸ್ಟ್ ಎಲ್ಲ ಐಪಿ ಪ್ಯಾಕೆಟ್‌ಗೂ ಪರ್ಮಿಟ್ ಕೊಟ್ಟಿದೆ. ಓಎಸ್‌ಪಿಎಫ್‌ನ ನೆಟ್‌ವರ್ಕ್ ಸಾಲಿನಲ್ಲಿ ಮೋಡೆಮ್ ಲಿಂಕಿನ ವಿಳಾಸವೂ ಸೇರಿಹೋಗಿರಬೇಕು ಮತ್ತು ಡಯಲರ್ ಮ್ಯಾಪ್‌ನಲ್ಲಿ (ಯಾವ ವಿಳಾಸಕ್ಕೆ ಯಾವ ಫೋನ್ ಸಂಖ್ಯೆ ಎಂಬ ಸಾಲಿನಲ್ಲಿ) 'ಬ್ರಾಡ್‌ಕಾಸ್ಟ್' ಎಂಬ ಪದ ಇರಬೇಕು. ಹಾಗಿದ್ದರೆ 10 ಸೆಕೆಂಡಿಗೊಮ್ಮೆ 224.0.0.5 ವಿಳಾಸಕ್ಕೆ ಹೋಗುವ ಹಲೋ ಪ್ಯಾಕೆಟ್ ಐಡಲ್ ಗಡಿಯಾರವನ್ನು ಪ್ರತಿ ಸಲ ಹಿಂದಕ್ಕೆ ತಿರುಗಿಸುತ್ತದೆ. ಐಡಲ್ ಟೈಮ್‌ಔಟ್ ತಾನಾಗಿ 120 ಸೆಕೆಂಡ್ ಇರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಹಲೋ ಹೋಗುತ್ತಿದ್ದರೆ ಅದು ಎಂದೂ ಮುಗಿಯದು. ಮುಖ್ಯ ಲಿಂಕ್ ಮರಳಿ ಬಂದಿತೋ ಇಲ್ಲವೋ ಎಂಬುದಕ್ಕೂ ಕರೆ ಕಡಿಯುವುದಕ್ಕೂ ಫ್ಲೋಟಿಂಗ್ ಸ್ಟ್ಯಾಟಿಕ್ ವಿಧಾನದಲ್ಲಿ ನೇರ ಸಂಬಂಧವಿಲ್ಲ. ಟ್ರಾಫಿಕ್ ಮುಖ್ಯ ಲಿಂಕ್‌ಗೆ ತಿರುಗಿ, ಮೋಡೆಮ್ ದಾರಿ ಮೌನವಾಗಿ, ಗಡಿಯಾರ ಮುಗಿದಾಗಲೇ ಕರೆ ಕಡಿಯುತ್ತದೆ.

ಹೀಗೆ ಮಾಡಿ ನೋಡಿ. ಓಎಸ್‌ಪಿಎಫ್ ಅನ್ನು ಅಸಿಂಕ್ ಇಂಟರ್‌ಫೇಸ್‌ನಿಂದ ಪೂರ್ತಿ ಹೊರಗಿಡಿ. ಒಂದು ಎಕ್ಸ್‌ಟೆಂಡೆಡ್ ಆಕ್ಸೆಸ್ ಲಿಸ್ಟ್ ಬರೆದು, ಮೊದಲ ಸಾಲಿನಲ್ಲಿ ಓಎಸ್‌ಪಿಎಫ್ ಅನ್ನು, ನಂತರ ಸಮಯ ಹೊಂದಿಸುವ ಎನ್‌ಟಿಪಿಯನ್ನು, ನಂತರ ವಿಂಡೋಸ್ ಕಂಪ್ಯೂಟರ್‌ಗಳು ಸದಾ ಕೂಗುತ್ತಿರುವ 137ರಿಂದ 139ರವರೆಗಿನ ನೆಟ್‌ಬಯೋಸ್ ಪೋರ್ಟ್‌ಗಳನ್ನು ಡಿನೈ ಮಾಡಿ. ಕೊನೆಗೆ ಶಾಖೆಯಿಂದ ಪ್ರಧಾನ ಕಚೇರಿಯ ಸರ್ವರ್‌ಗೆ ಹೋಗುವುದನ್ನು ಮಾತ್ರ ಪರ್ಮಿಟ್ ಮಾಡಿ, ಆ ಲಿಸ್ಟನ್ನು ಡಯಲರ್ ಲಿಸ್ಟ್‌ಗೆ ಜೋಡಿಸಿ. ಇನ್ನೂ ಕರೆ ಉಳಿಯುತ್ತಿದ್ದರೆ 'ಶೋ ಡಯಲರ್' ಕೊಟ್ಟು 'ಡಯಲ್ ರೀಸನ್' ಎಂಬ ಸಾಲನ್ನು ಓದಿ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೊರಟ ಪ್ಯಾಕೆಟ್ ಫೋನ್ ಎತ್ತಿಸಿತೆಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಊಹಿಸುವ ಅಗತ್ಯವೇ ಇಲ್ಲ.

ಹಳೆ ಮೋಡೆಮ್ ಬರೆದಿದ್ದಾರೆ:

ಎರಡೂ ಕಡೆಯಿಂದ ಏಕಕಾಲಕ್ಕೆ ಡಯಲ್ ಆಗುವುದನ್ನು ತಪ್ಪಿಸಲು ಒಂದು ಕಡೆಯವರಿಗೆ ಮಾತ್ರ ಆ ಕೆಲಸ ಕೊಡಬೇಕು. ಶಾಖೆ ಡಯಲ್ ಮಾಡಲಿ, ಪ್ರಧಾನ ಕಚೇರಿ ಉತ್ತರಿಸಲಿ. ಪ್ರಧಾನ ಕಚೇರಿಯ ರೂಟರ್‌ನಲ್ಲಿ ಪ್ರತಿ ಶಾಖೆಗೂ ಡಯಲರ್ ಮ್ಯಾಪ್ ಇರಲಿ, ಆದರೆ ಅದರಲ್ಲಿ ಫೋನ್ ಸಂಖ್ಯೆಯನ್ನೇ ಬರೆಯಬೇಡಿ. ಸಂಖ್ಯೆಯಿಲ್ಲದ ಮ್ಯಾಪ್ ಕರೆಯನ್ನು ಸ್ವೀಕರಿಸಬಲ್ಲದು, ಮಾಡಲಾರದು.

ಇನ್ನು ಮೋಡೆಮ್ ವಿಷಯ. ಎರಡೂ ತುದಿಯಲ್ಲಿ ಸಾಮಾನ್ಯ ಫೋನ್ ಲೈನ್ ಇರುವಾಗ ಡಬ್ಬಿಯ ಮೇಲೆ 56ಕೆ ಎಂದಿದ್ದರೂ ಆ ವೇಗ ಸಿಗುವುದಿಲ್ಲ. ವಿ.90 ಎಂಬ ಮಾನದಂಡಕ್ಕೆ ಒಂದು ತುದಿ ಡಿಜಿಟಲ್ ಆಗಿ ಎಕ್ಸ್‌ಚೇಂಜ್‌ಗೆ ಸೇರಿರಬೇಕು. ಎರಡೂ ಅನಲಾಗ್ ಆದರೆ ವಿ.34ರ ಮಿತಿಯಾದ 33.6 ಕೆಬಿಪಿಎಸ್‌ಗಿಂತ ಮೇಲೆ ಹೋಗದು. ಮಳೆಗಾಲದಲ್ಲಿ ತೇವ ಹಿಡಿದ ತಂತಿಯ ಮೇಲೆ 26.4 ಅಥವಾ 28.8 ಸಿಕ್ಕರೆ ತೃಪ್ತಿಪಡಬೇಕು.

ರೂಟರ್ ಕನ್‌ಫಿಗರೇಶನ್ ಮುಟ್ಟುವ ಮುನ್ನ ಮೋಡೆಮ್ ಜೊತೆ ನೇರವಾಗಿ ಮಾತಾಡಿ. 2600 ಸರಣಿಯಲ್ಲಿ ಆಕ್ಸ್ ಪೋರ್ಟ್ 65ನೆಯ ಲೈನ್, ಆದ್ದರಿಂದ ರೂಟರ್‌ನದೇ ಒಂದು ವಿಳಾಸಕ್ಕೆ 2065ನೆಯ ಪೋರ್ಟ್ ಕೊಟ್ಟು ಟೆಲ್‌ನೆಟ್ ಮಾಡಿದರೆ ಮೋಡೆಮ್ ಎದುರಿಗೇ ನಿಲ್ಲುತ್ತೀರಿ. ಲೈನ್‌ನ ಅಡಿಯಲ್ಲಿ 'ಮೋಡೆಮ್ ಇನ್‌ಔಟ್', 'ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಆಲ್' ಮತ್ತು 'ಫ್ಲೋಕಂಟ್ರೋಲ್ ಹಾರ್ಡ್‌ವೇರ್' ಇರಬೇಕು. 'ಎಟಿ' ಎಂದರೆ 'ಓಕೆ' ಬರಬೇಕು. ಬಾರದಿದ್ದರೆ ಕೇಬಲ್, ಅಡಾಪ್ಟರ್ ಅಥವಾ ವೇಗದ ತಪ್ಪು. ಅದನ್ನು ಸರಿಪಡಿಸದೆ ಮುಂದಕ್ಕೆ ಹೋದರೆ ದಿನವೆಲ್ಲ ವ್ಯರ್ಥ. ಮೋಡೆಮ್‌ಗೆ 'ಅಂಡ್ ಸಿ 1' (&C1) ಮತ್ತು 'ಅಂಡ್ ಡಿ 2' (&D2) ಎಂಬ ಆದೇಶಗಳೆರಡನ್ನೂ ಕೊಟ್ಟಿರಬೇಕು: ಮೊದಲನೆಯದು ಕ್ಯಾರಿಯರ್ (ಎದುರಿನ ಮೋಡೆಮ್‌ನ ದನಿ) ನಿಜವಾಗಿ ಇದ್ದಾಗ ಮಾತ್ರ ಡಿಸಿಡಿ ಸಂಕೇತ ಎತ್ತುತ್ತದೆ, ಎರಡನೆಯದು ರೂಟರ್ ಡಿಟಿಆರ್ ('ನಾನು ಸಿದ್ಧ') ಸಂಕೇತ ಇಳಿಸಿದಾಗ ಕರೆ ಕಡಿಯುತ್ತದೆ. ಇವಿಲ್ಲದಿದ್ದರೆ ಕರೆ ಮುಗಿಯಿತೆಂದು ರೂಟರ್ ಭಾವಿಸಿದರೂ ಮೋಡೆಮ್ ಲೈನ್ ಬಿಡದೆ ಕುಳಿತಿರುತ್ತದೆ. ಪಾಠಶಾಲೆಯವರು ಹೇಳಿದ್ದೆಲ್ಲ ಮಾಡಿದ ಮೇಲೂ ಬಿಲ್ ಏರಿದರೆ ಮೊದಲು ಇಲ್ಲಿ ನೋಡಿ. ಶಾಖೆಯ ಫೋನ್ ಇಪಿಎಬಿಎಕ್ಸ್ (ಕಚೇರಿಯೊಳಗಿನ ಕಿರು ಎಕ್ಸ್‌ಚೇಂಜ್) ಮೂಲಕ ಹೋಗುತ್ತಿದ್ದರೆ ಅದರ ಡಯಲ್ ಟೋನ್ ಮೋಡೆಮ್‌ಗೆ ಅರ್ಥವಾಗದಿರಬಹುದು. 'ಎಟಿಎಕ್ಸ್ 3' ಕೊಟ್ಟರೆ ಅದು ಟೋನ್‌ಗಾಗಿ ಕಾಯದೆ ಡಯಲ್ ಮಾಡುತ್ತದೆ, ಹೊರಗಿನ ಲೈನ್ ಹಿಡಿಯುವ ಸೊನ್ನೆಯ ನಂತರ ಒಂದು ಅಲ್ಪವಿರಾಮ ಹಾಕಿದರೆ ಎರಡು ಸೆಕೆಂಡ್ ತಡೆಯುತ್ತದೆ. ಎಲ್ಲ ಮುಗಿದ ಮೇಲೆ 'ಅಂಡ್ ಡಬ್ಲ್ಯೂ' ಕೊಟ್ಟು ಉಳಿಸಿ.

ರೂಟರ್ ಕಡೆ 'ಡಯಲರ್ ವೇಟ್-ಫಾರ್-ಕ್ಯಾರಿಯರ್-ಟೈಮ್' ತಾನಾಗಿ 30 ಸೆಕೆಂಡ್ ಇರುತ್ತದೆ. ಡಯಲ್ ಮಾಡಿ, ರಿಂಗ್ ಆಗಿ, ಎರಡು ಮೋಡೆಮ್‌ಗಳು ಕೀರಲು ದನಿಯಲ್ಲಿ ಒಪ್ಪಂದಕ್ಕೆ ಬರುವಷ್ಟರಲ್ಲಿ ಅದು ಮುಗಿದು, ಇನ್ನೇನು ಕೂಡಬೇಕೆನ್ನುವಾಗ ರೂಟರ್ ತಾನೇ ಕರೆ ಕಡಿಯುತ್ತದೆ. 60 ಅಥವಾ 75 ಮಾಡಿ.

ರೈನ್ ತೀರದ ಕನ್ನಡಿಗ ಬರೆದಿದ್ದಾರೆ:

ನಾನು ಜರ್ಮನಿಯಲ್ಲಿ ಐಎಸ್‌ಡಿಎನ್ ಬ್ಯಾಕಪ್‌ಗಳೊಡನೆ ಕೆಲಸ ಮಾಡಿದ್ದೇನೆ. ಅಲ್ಲಿ ಒಂದು ಬಿಆರ್‌ಐ (ಸಣ್ಣ ಐಎಸ್‌ಡಿಎನ್) ಲೈನ್ ಎಂದರೆ ಮಾಹಿತಿ ಸಾಗಿಸುವ 64 ಕೆಬಿಪಿಎಸ್‌ನ ಎರಡು ಬಿ ಚಾನೆಲ್, ಕರೆಯ ಸಂಕೇತಗಳಿಗೆ 16ರ ಒಂದು ಡಿ ಚಾನೆಲ್. ಕರೆ ಒಂದೆರಡು ಸೆಕೆಂಡಿನಲ್ಲಿ ಕೂಡುತ್ತಿತ್ತು, ಮೋಡೆಮ್‌ನ ಅರ್ಧ ನಿಮಿಷದ ಕಾಯುವಿಕೆ ಇರಲಿಲ್ಲ. ಆ ವೇಗವೇ ನಮಗೊಂದು ಬಲೆಯಾಯಿತು. ಒಂದು ಶಾಖೆಯ ಮುಖ್ಯ ಲಿಂಕ್ ರಾತ್ರಿಯಿಡೀ ಬೀಳುತ್ತ ಏಳುತ್ತ ಇತ್ತು. ಬಿದ್ದಾಗಲೆಲ್ಲ ಐಎಸ್‌ಡಿಎನ್ ಕೂಡಲೇ ಎದ್ದು, ಮರಳಿದಾಗಲೆಲ್ಲ ಕೂಡಲೇ ಕಡಿದು, ಬೆಳಗಾಗುವಷ್ಟರಲ್ಲಿ ನೂರಾರು ಕರೆಗಳಾಗಿದ್ದವು. ಪ್ರತಿ ಕರೆಗೂ ಕನಿಷ್ಠ ಶುಲ್ಕ. 'ಬ್ಯಾಕಪ್ ಡಿಲೇ'ಯ ಎರಡನೆಯ ಸಂಖ್ಯೆಯನ್ನು, ಅಂದರೆ ಮುಖ್ಯ ಲಿಂಕ್ ಮರಳಿದ ಮೇಲೆ ಎಷ್ಟು ಹೊತ್ತು ಕಾದು ಬ್ಯಾಕಪ್ ಇಳಿಸಬೇಕೆಂಬುದನ್ನು, ನಾವು ಸೊನ್ನೆಯಾಗಿ ಬಿಟ್ಟಿದ್ದೆವು. ಅಂದಿನಿಂದ ಮುಖ್ಯ ಲಿಂಕ್ ಕನಿಷ್ಠ ಒಂದೆರಡು ನಿಮಿಷ ಸ್ಥಿರವಾಗಿ ನಿಂತ ಹೊರತು ನಾನು ಅದನ್ನು ನಂಬುವುದಿಲ್ಲ. ಫ್ಲೋಟಿಂಗ್ ಸ್ಟ್ಯಾಟಿಕ್‌ನಲ್ಲಿ ಐಡಲ್ ಟೈಮ್‌ಔಟನ್ನೇ 180 ಅಥವಾ 300ಕ್ಕೆ ಏರಿಸಿದರೆ ಈ ಕೆಲಸ ತಕ್ಕಮಟ್ಟಿಗೆ ಆಗುತ್ತದೆ.

ಇದೇ ಉದ್ದೇಶಕ್ಕೆ ಡಯಲರ್ ವಾಚ್ ಎಂಬ ಇನ್ನೊಂದು ವಿಧಾನವಿದೆ. ಇಂಟರೆಸ್ಟಿಂಗ್ ಟ್ರಾಫಿಕ್‌ಗಾಗಿ ಕಾಯದೆ, ಟೇಬಲ್‌ನಿಂದ ಒಂದು ನಿರ್ದಿಷ್ಟ ರೂಟ್ ಮಾಯವಾದ ಕೂಡಲೇ ಅದು ಡಯಲ್ ಮಾಡುತ್ತದೆ. ಐಡಲ್ ಗಡಿಯಾರ ಮುಗಿದಾಗ ಮುಖ್ಯ ದಾರಿ ಬಂದಿದೆಯೇ ಎಂದು ನೋಡಿ, ಬಂದಿರದಿದ್ದರೆ ಕರೆಯನ್ನು ಉಳಿಸಿಕೊಳ್ಳುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಕೇಂದ್ರ ಕೊಠಡಿ ಬರೆದಿದ್ದಾರೆ:

ರೈನ್ ತೀರದವರ ಅಭಿಪ್ರಾಯವನ್ನು ಗೌರವಿಸುತ್ತೇನೆ, ಆದರೆ ಈ ಸಂಘದ ಪರಿಸ್ಥಿತಿಗೆ ಡಯಲರ್ ವಾಚ್ ಬೇಡವೆನ್ನುತ್ತೇನೆ. ವಾಚ್ ಲಿಸ್ಟ್‌ನಲ್ಲಿ ಬರೆದ ಜಾಲವೂ ಮಾಸ್ಕೂ (ಜಾಲದ ಗಾತ್ರ ಹೇಳುವ ಅಂಕಿ) ಟೇಬಲ್‌ನಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಯಾರೋ ಮುಂದೆ ಸಮರೈಸೇಶನ್ ಮಾಡಿದರೆ (ಹಲವು ಜಾಲಗಳನ್ನು ಟೇಬಲ್‌ನ ಒಂದೇ ಸಾಲಿಗೆ ಕೂಡಿಸಿದರೆ) ರೂಟರ್ ಮುಖ್ಯ ದಾರಿ ಸತ್ತಿತೆಂದು ತಿಳಿದು ಡಯಲ್ ಮಾಡುತ್ತದೆ. ಅಲ್ಲದೆ ಕಾವಲಿಟ್ಟ ಜಾಲದ ವಿಳಾಸಕ್ಕೇ ಒಂದು ಡಯಲರ್ ಮ್ಯಾಪ್ ಬೇಕು, ಅದನ್ನು ಮರೆಯುವವರೇ ಹೆಚ್ಚು. ಇನ್ನೂ ಮುಖ್ಯವಾದ ಕಾರಣ ಬೇರೆಯಿದೆ. ಪ್ರಧಾನ ಕಚೇರಿಯಲ್ಲಿರುವುದು ಒಂದೇ ಮೋಡೆಮ್, ಶಾಖೆಗಳು ಮೂರು. ಜೋರು ಗಾಳಿಮಳೆಯ ದಿನ ಹೊಸನಗರ ಮತ್ತು ತೀರ್ಥಹಳ್ಳಿ ಎರಡೂ ಬಿದ್ದರೆ, ಡಯಲರ್ ವಾಚ್ ಇದ್ದಲ್ಲಿ ಮೊದಲು ಡಯಲ್ ಮಾಡಿದ ಶಾಖೆ ಕೆಲಸವಿಲ್ಲದಿದ್ದರೂ ಲೈನ್ ಹಿಡಿದುಕೊಂಡಿರುತ್ತದೆ, ಇನ್ನೊಂದು ಶಾಖೆಗೆ ಬ್ಯುಸಿ ಟೋನೇ ಗತಿ. ಫ್ಲೋಟಿಂಗ್ ಸ್ಟ್ಯಾಟಿಕ್‌ನಲ್ಲಿ ಕೆಲಸ ಇದ್ದಾಗ ಮಾತ್ರ ಕರೆ ನಿಲ್ಲುತ್ತದೆ, ಇಲ್ಲದಾಗ ಲೈನ್ ಇತರರಿಗೆ ಬಿಡುವಾಗುತ್ತದೆ. ಸಾಧ್ಯವಾದರೆ ಪ್ರಧಾನ ಕಚೇರಿಗೆ ಇನ್ನೊಂದು ಫೋನ್ ಲೈನ್ ಪಡೆದು, ಎರಡನ್ನೂ ಒಂದೇ ಸಂಖ್ಯೆಯ ಹಂಟಿಂಗ್ ಗುಂಪಿಗೆ (ಒಂದು ಬ್ಯುಸಿಯಾದರೆ ಕರೆ ಇನ್ನೊಂದಕ್ಕೆ ಹೋಗುವ ಗುಂಪಿಗೆ) ಸೇರಿಸಿಕೊಳ್ಳಿ.

ಓಎಸ್‌ಪಿಎಫ್ ನಡೆಸಲು ಅವಕಾಶವಿಲ್ಲದ ಓದುಗರಿಗಾಗಿ ಒಂದು ಮಾತು. ಸಿಸ್ಕೊ ರೂಟರ್‌ನ ತಂತ್ರಾಂಶವಾದ ಐಓಎಸ್‌ನ ಹೊಸ ಆವೃತ್ತಿಗಳಲ್ಲಿ ಐಪಿ ಎಸ್‌ಎಲ್‌ಎ ಎಂಬ ತನಿಖಾ ಪ್ಯಾಕೆಟ್ ವ್ಯವಸ್ಥೆಯಿದೆ. ಹಳೆಯ ಆವೃತ್ತಿಗಳಲ್ಲಿ ಇದೇ 'ಆರ್‌ಟಿಆರ್' ಎಂಬ ಹೆಸರಿನಲ್ಲಿತ್ತು. ಆಚೆಯ ತುದಿಗೆ 10 ಸೆಕೆಂಡಿಗೊಮ್ಮೆ ಪಿಂಗ್ ಮಾಡಿಸಿ, ಅದರ ಫಲಿತಾಂಶವನ್ನು 'ಟ್ರ್ಯಾಕ್' ವಸ್ತುವಿಗೆ ಕಟ್ಟಿ, ಆ ಟ್ರ್ಯಾಕನ್ನು ಮುಖ್ಯ ಸ್ಟ್ಯಾಟಿಕ್ ರೂಟ್‌ನ ಕೊನೆಗೆ ಸೇರಿಸಿದರೆ, ಪಿಂಗ್ ಸೋತಾಗ ರೂಟ್ ತಾನಾಗಿ ಹೊರಬೀಳುತ್ತದೆ. ಆದರೆ ಪಿಂಗ್ ಮಾಡುವ ವಿಳಾಸಕ್ಕೆ ಮುಖ್ಯ ಲಿಂಕ್ ಮೂಲಕ ಮಾತ್ರ ಹೋಗುವ ಪ್ರತ್ಯೇಕ ಹೋಸ್ಟ್ ರೂಟ್ ಬರೆಯುವುದನ್ನು ಮರೆಯಬಾರದು. ಇಲ್ಲವಾದರೆ ಮುಖ್ಯ ರೂಟ್ ಬಿದ್ದೊಡನೆ ಆ ಪಿಂಗ್ ಮೋಡೆಮ್ ಮೂಲಕ ಹೋಗಿ ಯಶಸ್ವಿಯಾಗುತ್ತದೆ, ಮುಖ್ಯ ಲಿಂಕ್ ಸರಿಯಾಯಿತೆಂದು ರೂಟರ್ ನಂಬಿ ರೂಟ್ ಮರಳಿ ಹಾಕುತ್ತದೆ, ಮತ್ತೆ ಪಿಂಗ್ ಸೋಲುತ್ತದೆ. ಈ ಉಯ್ಯಾಲೆ ಫೈಬರ್ ರಿಪೇರಿಯಾಗುವವರೆಗೂ ನಿಲ್ಲುವುದಿಲ್ಲ.

ಮಲೆನಾಡು ಶಾಖೆ ಬರೆದಿದ್ದಾರೆ:

ಮೂರು ದಿನ ಕುಳಿತು ಎಲ್ಲವನ್ನೂ ಹೊಸದಾಗಿ ಬರೆದೆ. ಓಎಸ್‌ಪಿಎಫ್ ಈಗ ಈಥರ್ನೆಟ್ ಮೇಲೆ ಮಾತ್ರ ಇದೆ. ಮೋಡೆಮ್ ಲಿಂಕ್‌ಗೆ 192.168.50.0 ಜಾಲವನ್ನು 29ರ ಮಾಸ್ಕಿನೊಂದಿಗೆ ಕೊಟ್ಟು, ಪ್ರಧಾನ ಕಚೇರಿಗೆ 1, ಶಾಖೆಗಳಿಗೆ 2, 3, 4 ಎಂದು ಹಂಚಿದ್ದೇನೆ. ಶಾಖೆಗಳು ಮಾತ್ರ ಡಯಲ್ ಮಾಡುತ್ತವೆ.

ಹೊಸನಗರ ಮತ್ತು ಸಾಗರ ಮೊದಲ ಯತ್ನದಲ್ಲೇ ಕೂಡಿದವು. ತೀರ್ಥಹಳ್ಳಿ ಮಾತ್ರ ಕನೆಕ್ಟ್ ಆಗಿ ಎರಡೇ ಸೆಕೆಂಡಿನಲ್ಲಿ ಕಡಿದುಹೋಗುತ್ತಿದೆ. 'ಡೀಬಗ್ ಪಿಪಿಪಿ ಅಥೆಂಟಿಕೇಶನ್' ಹಾಕಿದಾಗ ಚಾಪ್ (ರೂಟರ್‌ಗಳು ಪರಸ್ಪರ ಗುರುತು ಪರೀಕ್ಷಿಸುವ ಕ್ರಮ) ಫೇಲ್ಯೂರ್ ಎಂದು ಬರುತ್ತಿದೆ. ಪಾಸ್‌ವರ್ಡ್ ಎರಡೂ ಕಡೆ ಒಂದೇ ಇದೆಯೆಂದು ಹತ್ತು ಸಲ ನೋಡಿದ್ದೇನೆ.

ಪಾಠಶಾಲೆ ಬರೆದಿದ್ದಾರೆ:

ಪಾಸ್‌ವರ್ಡ್ ಅಲ್ಲ, ಹೆಸರನ್ನು ನೋಡಿ. ಚಾಪ್‌ನಲ್ಲಿ ಪ್ರತಿ ರೂಟರ್ ತನ್ನ ಹೋಸ್ಟ್‌ನೇಮನ್ನು ಹೇಳಿಕೊಳ್ಳುತ್ತದೆ. ಎದುರಿನ ರೂಟರ್‌ನಲ್ಲಿ 'ಯೂಸರ್‌ನೇಮ್' ಸಾಲು ಆ ಹೆಸರಿಗೆ ದೊಡ್ಡಕ್ಷರ ಚಿಕ್ಕಕ್ಷರಗಳೂ ಸೇರಿ ಹೊಂದಬೇಕು. ಡಯಲರ್ ಮ್ಯಾಪ್‌ನಲ್ಲಿರುವ ಹೆಸರೂ ಅದೇ ಆಗಿರಬೇಕು. ತೀರ್ಥಹಳ್ಳಿಯ ಹೋಸ್ಟ್‌ನೇಮನ್ನು ಯಾರಾದರೂ ಬದಲಿಸಿದ್ದಾರೆಯೇ?

ಮಲೆನಾಡು ಶಾಖೆ ಬರೆದಿದ್ದಾರೆ:

ಹೌದು, ಹೆಸರಿನ ಕೊನೆಗೆ ನಾನೇ 1 ಎಂಬ ಅಂಕಿ ಸೇರಿಸಿದ್ದೆ. ಸರಿಪಡಿಸಿದೆ, ಕೂಡಿತು.

ಇಂದು ಭಾನುವಾರ ಹೊಸನಗರದಲ್ಲಿ ಪೂರ್ತಿ ಪರೀಕ್ಷೆ ಮಾಡಿದೆ. ಫೈಬರ್ ತುದಿ ಬಿಚ್ಚಿದ 40 ಸೆಕೆಂಡಿನ ನಂತರ ಪ್ರಧಾನ ಕಚೇರಿಯ ರೂಟರ್‌ನೊಂದಿಗಿನ ಓಎಸ್‌ಪಿಎಫ್ ಸಂಬಂಧ ಬಿತ್ತು, ಕೌಂಟರ್‌ನಲ್ಲಿ ಒಂದು ಪಾಸ್‌ಬುಕ್ ನಮೂದನ್ನು ಕಳುಹಿಸಿದ ಕೂಡಲೇ ಡಯಲ್ ಶುರುವಾಯಿತು, ಇನ್ನೊಂದು 38 ಸೆಕೆಂಡಿನಲ್ಲಿ 28.8ರ ವೇಗದಲ್ಲಿ ಕೂಡಿತು. ಜಮಾ, ಹಿಂಪಡೆತ ಎರಡೂ ನಡೆದವು. ಪ್ರತಿ ವ್ಯವಹಾರಕ್ಕೆ ನಾಲ್ಕೈದು ಸೆಕೆಂಡ್ ಹೆಚ್ಚು ಹಿಡಿಯಿತು. ಆಂಟಿವೈರಸ್ ಅಪ್‌ಡೇಟ್ ಒಮ್ಮೆ ಲಿಂಕನ್ನೆಲ್ಲ ನುಂಗಿತು, ಅದನ್ನು ಅಸಿಂಕ್ ಇಂಟರ್‌ಫೇಸ್ ಮೇಲೆ ಆಕ್ಸೆಸ್ ಗ್ರೂಪ್ ಹಾಕಿ ತಡೆದೆ. ಫೈಬರ್ ಮರಳಿ ಜೋಡಿಸಿದ ಮೇಲೆ ಟ್ರಾಫಿಕ್ ಅತ್ತ ತಿರುಗಿ, 180 ಸೆಕೆಂಡ್ ಕಳೆದು ಮೋಡೆಮ್ ತಾನಾಗಿ ಕರೆ ಕಡಿಯಿತು. ಅದರ ದೀಪ ಆರಿದ್ದನ್ನು ನೋಡಿ ನನಗಾದ ಸಮಾಧಾನವನ್ನು ಹೇಳಲಾರೆ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಹೊಸನಗರದಲ್ಲಿ ಫೈಬರ್ ಮತ್ತು ಫೋನ್ ತಂತಿ ಎರಡೂ ಕೊನೆಯ ಅರ್ಧ ಕಿಲೋಮೀಟರ್ ಒಂದೇ ಕಂಬಗಳ ಮೇಲೆ ಬರುತ್ತಿವೆ.

ಹಳೆ ಮೋಡೆಮ್ ಬರೆದಿದ್ದಾರೆ:

ಅದಕ್ಕೆ ರೂಟರ್‌ನಲ್ಲಿ ಮದ್ದಿಲ್ಲ. ಎಕ್ಸ್‌ಚೇಂಜ್‌ಗೆ ಹೋಗಿ, ಫೋನ್ ತಂತಿಯನ್ನು ಇನ್ನೊಂದು ಬೀದಿಯ ಡಿಪಿ (ಫೋನ್ ತಂತಿ ಹಂಚುವ) ಡಬ್ಬಿಯಿಂದ ಎಳೆಸಿಕೊಡಲು ಅರ್ಜಿ ಕೊಡಿ. ಆ ಕಂಬಸಾಲಿನ ಮೇಲೆ ಬಾಗಿದ ಕೊಂಬೆಗಳನ್ನು ಮುಂಗಾರಿಗೆ ಮುನ್ನ ಕಡಿಸಲು ಪಂಚಾಯಿತಿಯವರಿಗೂ ಒಂದು ಪತ್ರ ಬರೆಯಿರಿ.

ಹಾಗೆಯೇ ಮೂರು ಸಣ್ಣ ಕೆಲಸಗಳು. ಕರೆಂಟ್ ಹೋದರೂ ಫೋನ್ ಲೈನ್ ಎಕ್ಸ್‌ಚೇಂಜ್‌ನ ಬ್ಯಾಟರಿಯ ಮೇಲೆ ಜೀವಂತವಾಗಿರುತ್ತದೆ, ಆದರೆ ಮೋಡೆಮ್‌ನ ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲಿದ್ದರೆ ಏನೂ ಪ್ರಯೋಜನವಿಲ್ಲ. ಅದನ್ನು ರೂಟರ್ ಇರುವ ಯುಪಿಎಸ್‌ಗೇ ಸೇರಿಸಿ. ಫೋನ್ ತಂತಿ ಮೋಡೆಮ್‌ಗೆ ಹೋಗುವ ಮುನ್ನ ಸಿಡಿಲು ತಡೆಯುವ ಸರ್ಜ್ ಅರೆಸ್ಟರ್ ಇರಲಿ. ಶಾಖೆಯ ಮೋಡೆಮ್‌ನಲ್ಲಿ 'ಎಸ್ ಸೊನ್ನೆ' ರಿಜಿಸ್ಟರ್ (ಎಷ್ಟನೆಯ ರಿಂಗ್‌ಗೆ ತಾನಾಗಿ ಉತ್ತರಿಸಬೇಕೆಂಬ ಸಂಖ್ಯೆ) ಸೊನ್ನೆಯಾಗಿರಬೇಕು, ಪ್ರಧಾನ ಕಚೇರಿಯದರಲ್ಲಿ ಮಾತ್ರ 1. ಇಲ್ಲದಿದ್ದರೆ ಶಾಖೆಗೆ ಫೋನ್ ಮಾಡಿದ ಸದಸ್ಯರಿಗೆ ಮೋಡೆಮ್ ಉತ್ತರಿಸುತ್ತದೆ.

ಮಲೆನಾಡು ಶಾಖೆ ಬರೆದಿದ್ದಾರೆ:

ಸಾಗರದ ಶಾಖೆಯವರು 'ಫೋನ್ ಎತ್ತಿದರೆ ಕಿರುಚುತ್ತದೆ' ಎಂದು ತಿಂಗಳಿನಿಂದ ದೂರುತ್ತಿದ್ದ ಕಾರಣ ಈಗ ತಿಳಿಯಿತು. ಮೂರೂ ಶಾಖೆಗಳಲ್ಲಿ 'ಎಸ್ ಸೊನ್ನೆ'ಯನ್ನು ಬದಲಿಸಿ ಉಳಿಸಿದ್ದೇನೆ, ಅಡಾಪ್ಟರ್‌ಗಳು ಯುಪಿಎಸ್‌ಗೆ ಹೋದವು. ಎಕ್ಸ್‌ಚೇಂಜ್‌ಗೆ ಅರ್ಜಿಯನ್ನು ನಾಳೆ ಬೆಳಿಗ್ಗೆ ಕೊಡುತ್ತೇನೆ. ಮುಂದಿನ ಪರೀಕ್ಷೆ ಈ ತಿಂಗಳ ಕೊನೆಯ ಶನಿವಾರ. ಪ್ಯಾಚ್ ಕಾರ್ಡ್ ಮುಟ್ಟಬಾರದು, ಫೈಬರ್ ತುದಿಯನ್ನೇ ಬಿಚ್ಚಬೇಕು ಎಂದು ಕನ್ವರ್ಟರ್ ಮೇಲೆ ಚೀಟಿ ಅಂಟಿಸಿದ್ದೇನೆ.